ಮಠದ ಅಡುಗೆಮನೆ

ಐರ್ಲೆಂಡಿನ ಗಾಲ್ವೇ ಕೌಂಟಿಯ ಹೆಡ್‌ಫೋರ್ಡ್ ಹತ್ತಿರ ಇರುವ ರಾಸ್ ಎರಿಲಿ ನೋಡಿ ಬಂದೆ. ಫ್ರಾನ್ಸಿಸ್ಕನ್ ಅನ್ನೋ ಕ್ರೈಸ್ತ ಪಂಗಡದ ಸನ್ಯಾಸಿಗಳ ಹಳೇ ಮಠ. ಚಾವಣಿ ಹೋಗಿದೆ, ಗೋಡೆಗಳು ಗಟ್ಟಿಯಾಗಿ ನಿಂತಿವೆ. ಚರ್ಚಿನ ಗೋಪುರಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ಅಡುಗೆಮನೆ. ಮೂಲೆಯಲ್ಲಿ ದುಂಡನೆಯ ಕಲ್ಲಿನ ತೊಟ್ಟಿ. ಹಿಡಿದು ತಂದ ಮೀನನ್ನು ಬೇಯಿಸುವ ತನಕ ಜೀವಂತ ಇಡೋಕೆ ಅಂತ ಕಟ್ಟಿದ್ದು. ಬಗ್ಗಿ ಅಂಚು ಮುಟ್ಟಿದೆ. ಕಲ್ಲು ತಣ್ಣಗಿತ್ತು, ಸಂದಿಯಲ್ಲೆಲ್ಲ ಪಾಚಿ.

1656ರಲ್ಲಿ, ಆಗ ಇಂಗ್ಲೆಂಡ್ ಆಳುತ್ತಿದ್ದ ಕ್ರಾಮ್‌ವೆಲ್‌ನ ಸೈನಿಕರು ಇಲ್ಲಿ ಲೂಟಿ ಮಾಡಿದರು. ಸನ್ಯಾಸಿಗಳನ್ನು ಎಷ್ಟೋ ಸಲ ಓಡಿಸಿದರೂ ಅವರು ಮತ್ತೆ ಮತ್ತೆ ವಾಪಸ್ ಬಂದರು. ಭಕ್ತಿ ಸರಿ, ದಿನಾ ಕೂತು ಉಂಡ ಜಾಗದ ಸೆಳೆತವೂ ಇದ್ದಿರಬೇಕು ಅಲ್ವಾ?

ಒಳಗೆಲ್ಲ ಸಮಾಧಿಗಳಿವೆ. ಆ ಕಡೆ ಹೋದರೆ ನೋಡಿಕೊಂಡು ಹೆಜ್ಜೆ ಇಡಿ.