ಎಂಜಿಬಿ ಕೆಲಸದ ಡೈರಿ: 60ರ ಗುಂಯ್ ಸದ್ದು ಸಿಕ್ಕಿತು

ಗಾಡಿ 1972ರ ಎಂಜಿಬಿ ಜಿಟಿ, ಬ್ರಿಟನ್ನಿನ ಹಳೆ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ನಾಲ್ಕು ಗೇರ್, ಜೊತೆಗೆ ಓವರ್‌ಡ್ರೈವ್ (ಸ್ವಿಚ್ ಒತ್ತಿದರೆ ಗಾಡಿಯ ವೇಗ ಅಷ್ಟೇ ಇದ್ದು ಎಂಜಿನ್ ನಿಧಾನ ತಿರುಗುವ ಹೆಚ್ಚುವರಿ ಗೇರ್). ಕಾಯಿಲೆ ಇದು: ಗಂಟೆಗೆ 60 ಮೈಲಿ ಮುಟ್ಟುತ್ತಿದ್ದ ಹಾಗೆ ಕೆಳಗಿನಿಂದ ಗುಂಯ್ ಅಂತ ಸದ್ದು, ಸೀಟಿನಡಿ ನಡುಕ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಪ್ಲೇಟ್ ಓದಲಿಕ್ಕೆ ಆಗುವುದಿಲ್ಲ. 50ರಲ್ಲಿ ಏನೂ ಇಲ್ಲ. ಇಂಗ್ಲೆಂಡ್‌ನಲ್ಲಿ 40 ವರ್ಷ ದಾಟಿದ ಇಂಥ ಗಾಡಿಗೆ ಎಂಒಟಿ ತಪಾಸಣೆ (ವರ್ಷಕ್ಕೊಮ್ಮೆಯ ಸುರಕ್ಷತಾ ಪರೀಕ್ಷೆ) ಕಡ್ಡಾಯವಲ್ಲ. ಹಾಗಾಗಿ ನಾವೇ ಮಲಗಿ ನೋಡದಿದ್ದರೆ ಗಾಡಿಯ ಹೊಟ್ಟೆ ನೋಡುವವರೇ ಇಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ, "ವೀಲ್ ಬ್ಯಾಲೆನ್ಸ್ ಮಾಡಿಸು". ನನ್ನದು ಕಡ್ಡಿ ಚಕ್ರ ಬೇರೆ, ಅನುಮಾನ ಸಹಜ. ಮಾಡಿಸಿದೆ. ಒಂದು ಚೂರೂ ಬದಲಾಗಲಿಲ್ಲ. ಅಷ್ಟಕ್ಕೂ ಸ್ಟೀರಿಂಗ್ ನಡುಗುತ್ತಲೇ ಇರಲಿಲ್ಲ, ಸೀಟು ಮಾತ್ರ.

ಬಿಡಿಭಾಗ ಕೊಳ್ಳುವ ಮೊದಲು ಲೆಕ್ಕ ಹಾಕೋಣ ಅಂತ ಕೂತೆ. 165/80 ಟೈರು, 14 ಇಂಚಿನ ಚಕ್ರ. 60ರಲ್ಲಿ ಅದು ಸೆಕೆಂಡಿಗೆ ಸುಮಾರು 14 ಸುತ್ತು ಹಾಕುತ್ತದೆ. ಹಿಂದಿನ ಆಕ್ಸಲ್ ಅನುಪಾತ 3.909. ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಚಕ್ರದ ಅಷ್ಟು ಪಟ್ಟು ತಿರುಗುತ್ತದೆ, ಸೆಕೆಂಡಿಗೆ ಸುಮಾರು 55 ಸುತ್ತು. ಟಾಪ್ ಗೇರಿನಲ್ಲಿ ಎಂಜಿನ್ನೂ ಅಷ್ಟೇ ತಿರುಗುತ್ತದೆ, ತೊಡಕು ಇರುವುದೇ ಇಲ್ಲಿ. ಇಬ್ಬರೂ ಒಂದೇ ರಾಗ ಹಾಡುತ್ತಿದ್ದರೆ ಅಪಸ್ವರ ಯಾರದ್ದು ಅಂತ ಹೇಗೆ ಹೇಳುವುದು?

ಓವರ್‌ಡ್ರೈವ್ ಸ್ವಿಚ್ ಇರುವುದೇ ಇದಕ್ಕೆ ಅನ್ನಿಸಿತು. ಅದನ್ನು ಒತ್ತಿದರೆ ಎಂಜಿನ್ ವೇಗ 0.82 ಪಟ್ಟಿಗೆ ಇಳಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 45 ಸುತ್ತು. ಗಾಡಿ 60ರಲ್ಲೇ ಇದ್ದರೆ ಶಾಫ್ಟ್ ಮಾತ್ರ 55ರಲ್ಲೇ ಇರುತ್ತದೆ. ಸದ್ದಿನ ಸ್ಪೆಕ್ಟ್ರಮ್ (ಯಾವ ಕಂಪನ ಸೆಕೆಂಡಿಗೆ ಎಷ್ಟು ಸಲ ಅನ್ನುವುದನ್ನು ಗೆರೆಗಳಾಗಿ) ತೋರಿಸುವ ಆ್ಯಪ್ ಹಾಕಿ ಫೋನನ್ನು ಪಕ್ಕದಲ್ಲಿ ಕೂತ ಗೆಳೆಯನ ಕೈಗೆ ಕೊಟ್ಟೆ. ವೇಗಕ್ಕೆ ಜಿಪಿಎಸ್ ನೋಡಿದೆವು, ಹಳೆ ಸ್ಪೀಡೋಮೀಟರ್ ನಂಬುವ ಹಾಗಿಲ್ಲ. ಸ್ವಿಚ್ ಒತ್ತಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸುವ ಟ್ಯಾಕೋಮೀಟರ್ ಮುಳ್ಳು 3300ರಿಂದ 2700ಕ್ಕೆ ಬಿತ್ತು. 55ರ ಹತ್ತಿರ ಎದ್ದಿದ್ದ ಗೆರೆ ಅಲ್ಲಾಡಲಿಲ್ಲ. ಎಂಜಿನ್, ಕ್ಲಚ್ ಎರಡೂ ನಿರಪರಾಧಿಗಳು!

ಇನ್ನೊಂದು ಸುಳಿವೂ ಸಿಕ್ಕಿತು. ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳು (ಓರೆಯಲ್ಲೂ ತಿರುಗಲು ಬಿಡುವ ಕೀಲುಗಳು) ಬಿಗಿ ಹಿಡಿದಿದ್ದರೆ ಅಥವಾ ಶಾಫ್ಟ್ ಜೋಡಿಸುವಾಗ ಯೋಕ್‌ಗಳು (ಆ ಕೀಲು ಹಿಡಿಯುವ ಕವಲುಗಳು) ಒಂದೇ ನೇರಕ್ಕೆ ಕೂರದಿದ್ದರೆ, ನಡುಕ ಸುತ್ತಿಗೆ ಎರಡು ಸಲ ಬರುತ್ತದೆ. ಅಂದರೆ 110ರಲ್ಲಿ ಗೆರೆ ಏಳಬೇಕು. ಅಲ್ಲಿ ಹೆಚ್ಚೇನೂ ಇರಲಿಲ್ಲ. ಸುತ್ತಿಗೆ ಒಂದೇ ಸಲ ಅಂದರೆ ಸಾಮಾನ್ಯವಾಗಿ ತೂಕ ಒಂದು ಕಡೆ ಜಾಸ್ತಿ ಅಂತ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಿದೆ. (ಬರೀ ಜಾಕ್ ನಂಬಿ ಯಾರೂ ಗಾಡಿಯಡಿ ಹೋಗಬೇಡಿ.) ಕ್ರಾಸ್‌ಗಳಲ್ಲಿ ಆಟ ಇಲ್ಲ, ಯೋಕ್‌ಗಳು ನೇರ. ವೈರ್ ಬ್ರಷ್‌ನಿಂದ ಶಾಫ್ಟಿನ ಕೊಳೆ ಉಜ್ಜುತ್ತಾ ಹೋದೆ. ಹಿಂದಿನ ತುದಿಯ ಹತ್ತಿರ ಬೆರಳುಗುರು ಅಗಲದ ಒಂದು ಚೌಕ ಕಾಣಿಸಿತು. ಸುತ್ತ ಕಪ್ಪು ಬಣ್ಣ ಗಟ್ಟಿಯಾಗಿದೆ, ಚೌಕದೊಳಗೆ ಮಾತ್ರ ಬರೀ ತುಕ್ಕು, ನಡುವೆ ಎರಡು ಚಿಕ್ಕ ವೆಲ್ಡಿಂಗ್ ಕಲೆ. ಬ್ಯಾಲೆನ್ಸ್ ತೂಕದ ತಗಡು ಯಾವಾಗಲೋ ಕಿತ್ತು ಬಿದ್ದುಹೋಗಿದೆ.

ಖಾತ್ರಿಗೆ ಹಳೆ ಉಪಾಯ: ಅದೇ ಜಾಗದಲ್ಲಿ ಒಂದು ಹೋಸ್ ಕ್ಲಿಪ್ (ರಬ್ಬರ್ ಪೈಪ್ ಬಿಗಿಯುವ ಲೋಹದ ಪಟ್ಟಿ) ಬಿಗಿದೆ. ಕ್ಲಿಪ್ಪಿನ ಸ್ಕ್ರೂ ಇರುವ ಕಡೆ ತೂಕ ಜಾಸ್ತಿ ತಾನೇ? ಅದನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಅದೇ ರಸ್ತೆಯಲ್ಲಿ ಓಡಿಸಿ ನೋಡಿದೆ. ಸ್ಕ್ರೂ ಆ ಚೌಕದ ಎದುರು ಬದಿಗೆ ಬಂದಾಗ ಗಾಡಿ ಮಿಕ್ಸಿ ಥರ ಅರಚಿತು. ಚೌಕದ ಮೇಲೆ ಬಂದಾಗ ಗುಂಯ್ ಅರ್ಧಕ್ಕೂ ಕಮ್ಮಿ. ಹಾಗೇ ಬಿಟ್ಟು ಓಡಿಸುವವರೂ ಇದ್ದಾರೆ. ನನಗೆ ಧೈರ್ಯ ಬರಲಿಲ್ಲ, ಸೆಕೆಂಡಿಗೆ 55 ಸುತ್ತು ತಿರುಗುವ ಕಬ್ಬಿಣ ಅದು.

ಎರಡು ತುದಿಯ ಫ್ಲ್ಯಾಂಜ್‌ಗೂ (ಬೋಲ್ಟ್ ಹಾಕುವ ತಟ್ಟೆ) ಬಿಳಿ ಗುರುತು ಹಾಕಿ ಶಾಫ್ಟ್ ಬಿಚ್ಚಿದೆ. ಬ್ಯಾಲೆನ್ಸ್ ಮಾಡುವ ಅಂಗಡಿಯವರು ಮೆಷಿನ್ನಿಗೆ ಹಾಕಿ ಹೊಸ ತಗಡು ವೆಲ್ಡ್ ಮಾಡಿ ಕೊಟ್ಟರು. ಗುರುತಿಗೆ ಗುರುತು ಕೂಡಿಸಿ, ತಾನಾಗಿ ಸಡಿಲವಾಗದ ಹೊಸ ನೈಲಾಕ್ ನಟ್ ಹಾಕಿ ಬಿಗಿದಿದ್ದೇನೆ. ಈಗ 60ರಲ್ಲಿ ಹಿಂದಿನವರ ನಂಬರ್ ಪ್ಲೇಟ್ ಓದಬಹುದು. 55ರ ಗೆರೆ ಟೈರಿನ ಗದ್ದಲದಲ್ಲಿ ಮುಳುಗಿದೆ.

ದೊಡ್ಡ ಸದ್ದು ಹೋದ ಮೇಲೆ ಚಿಕ್ಕದು ಕೇಳಿಸತೊಡಗಿದೆ ನೋಡಿ. 3000 ಆರ್‌ಪಿಎಂ ಹತ್ತಿರ ಗೇರ್ ಲಿವರ್ ಝರ್ ಅನ್ನುತ್ತದೆ. ಓವರ್‌ಡ್ರೈವ್ ಒತ್ತಿದರೆ ನಿಲ್ಲುತ್ತದೆ, ಅಂದರೆ ಈ ಸಲ ಎಂಜಿನ್ ಕಡೆಯದ್ದೇ. ಲಿವರ್ ಬುಡದ ಬುಷ್ ಆರ್ಡರ್ ಮಾಡಿದ್ದೇನೆ, ಬಂದ ಮೇಲೆ ಬರೆಯುತ್ತೇನೆ.