ಉಂದುವಪ್ ಹುಣ್ಣಿಮೆ: ಅನುಲಾದೇವಿ ಕಾದದ್ದು ಯಾಕೆ?

ಡಿಸೆಂಬರ್ ಹುಣ್ಣಿಮೆಗೆ ಶ್ರೀಲಂಕಾದಲ್ಲಿ ಉಂದುವಪ್ ಎಂದು ಹೆಸರು. ಅಶೋಕನ ಮಗಳು ಸಂಘಮಿತ್ತಾ ಬೋಧಿವೃಕ್ಷದ ಕೊಂಬೆಯೊಡನೆ ಜಂಬುಕೋಲದಲ್ಲಿ ಹಡಗಿಳಿದ ದಿನವದು. (ಮಸ್ಕಿಯ ಬಂಡೆಯಲ್ಲಿ ಹೆಸರಿರುವ ಅಶೋಕನೇ.) ಅಂದು ಅನುರಾಧಪುರದ ತುಂಬ ಬಿಳಿಯುಟ್ಟ ಉಪಾಸಿಕೆಯರು, ಅಂದರೆ ಗೃಹಸ್ಥ ಭಕ್ತೆಯರು. ಬೆಳಗ್ಗೆ ಅಷ್ಟಶೀಲ (ಎಂಟು ವ್ರತಗಳು) ತೊಟ್ಟರೆ ನಡುಹಗಲಿನೊಳಗೆ ಊಟ ಮುಗಿಸಬೇಕು. ಹೂವು ಮುಡಿಯುವಂತಿಲ್ಲ, ಬೋಧಿಗೆ ಏರಿಸಬಹುದು.

ಕೊಂಬೆಯ ಕಥೆ ಎಲ್ಲರಿಗೂ ಗೊತ್ತು. ಸಂಘಮಿತ್ತಾ ಬಂದದ್ದು ಅದಕ್ಕಷ್ಟೇ ಅಲ್ಲ. ಲಂಕೆಯ ರಾಜಮನೆತನದ ಅನುಲಾದೇವಿ ಭಿಕ್ಷುಣಿಯಾಗಲು ದೀಕ್ಷೆ ಕೇಳಿದಾಗ ಸಂಘಮಿತ್ತಾಳ ಅಣ್ಣ ಮಹಿಂದ ಥೇರರು, ಹೆಂಗಸರಿಗೆ ಕೊಡುವುದು ನಮಗೆ ಸಲ್ಲದು, ನನ್ನ ತಂಗಿಯನ್ನು ಕರೆಸಿ ಎಂದರೆಂದು ಲಂಕೆಯ ಹಳೆಯ ಇತಿಹಾಸಕಾವ್ಯ ಮಹಾವಂಸ ಹೇಳುತ್ತದೆ. ಅನುಲೆ ದಶಶೀಲ (ಹತ್ತು ವ್ರತಗಳು) ಹಿಡಿದು ಕಾದಳು.

ವಿನಯದ, ಅಂದರೆ ಸಂಘದ ನಿಯಮಾವಳಿಯ, ಕ್ರಮ ಹಾಗಿದೆ. ಮೊದಲು ಎರಡು ವರ್ಷ ಶಿಕ್ಷಮಾಣೆಯಾಗಿ (ತರಬೇತಿಯಲ್ಲಿರುವವಳಾಗಿ) ಆರು ನಿಯಮ. ಒಂದು ತಪ್ಪಿದರೂ ಲೆಕ್ಕ ಮತ್ತೆ ಮೊದಲಿಂದ. ಆಮೇಲೆ ಪಾತ್ರೆ, ಐದು ಚೀವರ (ಸನ್ಯಾಸದ ಬಟ್ಟೆ), ವಿಚಾರಣೆ: ಕಾಯಿಲೆ ಇದೆಯೇ, ಸಾಲ ಇದೆಯೇ, ಇಪ್ಪತ್ತು ತುಂಬಿತೇ, ಮನೆಯವರು ಒಪ್ಪಿದರೇ? ಮೈಗೆ ಸಂಬಂಧಿಸಿದ ಪ್ರಶ್ನೆಗಳನ್ನು ಭಿಕ್ಷುಗಳು ಕೇಳಿದಾಗ ಹೆಂಗಸರು ನಾಚಿ ಬಾಯಿ ಬಿಡಲಿಲ್ಲವಂತೆ. ಅದಕ್ಕೇ ವಿಚಾರಣೆ ಮೊದಲು ಭಿಕ್ಷುಣಿಯರ ಮುಂದೆ, ನಂತರ ಭಿಕ್ಷುಸಂಘದ ಮುಂದೆ. ಸಂಘಕ್ಕೆ ಒಂದು ಬಿನ್ನಹ, ಮೂರು ಬಾರಿ ಸಾರಣೆ; ಯಾರೂ ಮಾತಾಡದಿದ್ದರೆ ಒಪ್ಪಿಗೆ.

ಹನ್ನೊಂದನೇ ಶತಮಾನದ ಹೊತ್ತಿಗೆ ಲಂಕೆಯ ಭಿಕ್ಷುಣಿ ಸಂಘ ಅಳಿಯಿತು. ಮೊದಲ ಸುತ್ತಿಗೆ ಭಿಕ್ಷುಣಿಯರಿಲ್ಲ ಎಂದ ಮೇಲೆ ಎರಡನೆಯದು ನಡೆಯುವುದೆಲ್ಲಿ? ಹಳದಿ ಉಟ್ಟ ದಶಶೀಲ ಮಾತೆಯರು ಅನುಲೆಯಂತೆಯೇ ಉಳಿದರು, ಕರೆಸಲು ತಂಗಿಯೂ ಇಲ್ಲದೆ. ಆದರೆ ಐದನೇ ಶತಮಾನದಲ್ಲೇ ಲಂಕೆಯ ಭಿಕ್ಷುಣಿಯರು ಚೀನಾಕ್ಕೆ ಹಡಗೇರಿ ಅಲ್ಲಿ ಉಪಸಂಪದೆ, ಅಂದರೆ ಪೂರ್ಣ ದೀಕ್ಷೆ, ನೀಡಿದ್ದರು. ಆ ಪರಂಪರೆಯ ನೆರವಿನಿಂದ 1996ರಲ್ಲಿ ಸಾರನಾಥ, 1998ರಲ್ಲಿ ಬೋಧಗಯೆಯಲ್ಲಿ ಲಂಕೆಯ ಹೆಂಗಸರಿಗೆ ಉಪಸಂಪದೆಯಾಯಿತು. ಅದು ಚೀನಾದವರು ಪಾಲಿಸುವ ಧರ್ಮಗುಪ್ತಕ ಪಂಥದ್ದು, ಲಂಕೆಯ ಥೇರವಾದದ್ದಲ್ಲ ಎಂಬ ತಕರಾರು ಇಂದಿಗೂ ಇದೆ. ಬೋಧಗಯೆಯ ನಂತರ ಥೇರವಾದಿ ಭಿಕ್ಷುಗಳು ತಮ್ಮ ಸುತ್ತನ್ನು ಬೇರೆಯಾಗಿ ನಡೆಸಿದ್ದು ಇದಕ್ಕೇ. ಆ ವರ್ಷವೇ ದಂಬುಲ್ಲದಲ್ಲಿ ಲಂಕೆಯ ನೆಲದಲ್ಲಿ ಉಪಸಂಪದೆ ಮರಳಿ ಶುರುವಾಯಿತು.

ಇಲ್ಲೊಂದು ಗೊಂದಲ ಬೇಡ: 2016ರಲ್ಲಿ ನಮ್ಮ ಮುಂಡಗೋಡದಲ್ಲಿ ದಲೈ ಲಾಮಾ 20 ಸನ್ಯಾಸಿನಿಯರಿಗೆ ಕೊಟ್ಟ ಗೆಶೆಮಾ ವಿದ್ವತ್ತಿನ ಪದವಿ, ಉಪಸಂಪದೆ ಅಲ್ಲ.

ಉಪಸಂಪದೆ ಮುಗಿದ ಕೂಡಲೇ ನೆರಳು ಅಳೆದು ಹೊತ್ತು ಗೊತ್ತುಮಾಡುತ್ತಾರೆ. ಸಂಘದಲ್ಲಿ ಹಿರಿತನದ ಎಣಿಕೆ ಆ ಗಳಿಗೆಯಿಂದ.