ಹಿಂಬದಿ ತಟ್ಟಿದಾಗ ಕೇಳಿದ್ದು

"ಕೇಳಿಸಿತೇ?" ಎಂದು ಮೇಸ್ತ್ರಿ ಕೇಳಿದ್ದು ಮಂಗಳವಾರ. ವಾರ ಮುಗಿಯುತ್ತಾ ಬಂದರೂ ಆ ಪ್ರಶ್ನೆ ನನ್ನ ಕಿವಿಯಿಂದ ಇಳಿದಿಲ್ಲ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಅವರು ನಾವು ಕೊಂಡ ಹಳೆಯ ಫೈಬರ್ (ಗಾಜಿನ ನಾರಿನ) ದೋಣಿಯ ಹಿಂಬದಿ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬಂದರು. ಮೇಲಂಚಿನಲ್ಲಿ ಟಕ್, ಟಕ್. ಎಂಜಿನ್ ಬೋಲ್ಟುಗಳ ತೂತಿನ ಹತ್ತಿರ ಬಂದಾಗ ದಬ್. ಇನ್ನೂ ಕೆಳಗೆ, ನೀರು ಹೊರಬಿಡುವ ತೂತಿನ ಸುತ್ತ, ಒದ್ದೆ ಗೋಣಿಚೀಲಕ್ಕೆ ಗುದ್ದಿದಂಥ ಸದ್ದು. ಮೇಸ್ತ್ರಿ ಪೆನ್ಸಿಲಿನಿಂದ ಅಲ್ಲಿ ಒಂದು ಗೆರೆ ಎಳೆದರು. ಗೆರೆಯ ಒಳಗಿನ ಭಾಗ ಅರ್ಧ ಗೋಡೆಗಿಂತ ದೊಡ್ಡದಿತ್ತು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ ಅದೊಂದೇ ಮಾತು ಕೇಳಿದರು.

ಭಾವ ಉತ್ತರ ಕೊಡಲಿಲ್ಲ. ದೋಣಿ ಮಾರಿದವರು "ಕಲ್ಲಿನಂತಿದೆ ನೋಡಿ" ಎಂದು ಇದೇ ಗೋಡೆಗೆ ಅಂಗೈಯಿಂದ ಬಡಿದು ತೋರಿಸಿದ್ದರು. ಅವರು ಸುಳ್ಳು ಹೇಳಿದರೆಂದು ನನಗೆ ಅನಿಸುವುದಿಲ್ಲ. ಹೊಳೆಯುವ ಬಿಳಿ ಬಣ್ಣ ಅವರಿಗೂ ಅಷ್ಟೇ ನಂಬಿಕೆ ಹುಟ್ಟಿಸಿತ್ತು. ನನ್ನ ಸಿಟ್ಟೆಲ್ಲ ಆ ಬಣ್ಣ ಬಳಿದವನ ಮೇಲೆ. ಅವನು ಯಾರೋ ಏನೋ, ಒಳಗೆ ಏನಾಗುತ್ತಿದೆ ಎಂದು ಖಂಡಿತ ತಿಳಿದಿದ್ದವನು. ಬೋಲ್ಟಿನ ಹಳೆಯ ತೂತುಗಳಿಗೆ ಸಿಲಿಕೋನ್ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ ನಯ ಮಾಡಿದ್ದಾನೆ. ಕೈಚಳಕ ಇತ್ತು, ಮನಸ್ಸಿರಲಿಲ್ಲ.

ಇದು ಯಾವ ದೋಣಿ ಎಂದು ಪತ್ತೆ ಹಚ್ಚುವ ಕೆಲಸವನ್ನು ನಾನು ಅದಕ್ಕೂ ಮೊದಲೇ ಶುರು ಮಾಡಿದ್ದೆ. "ಹೆಸರು ತಿಳಿದರೆ ಮೀನು ಹೆಚ್ಚು ಸಿಗುತ್ತದೆಯೇ?" ಎಂದು ಭಾವ ಕೇಳುತ್ತಿದ್ದರು. ಭಾವ ದೊಡ್ಡ ಮನಸ್ಸಿನವರು, ತಾಳ್ಮೆ ಮಾತ್ರ ಕಡಿಮೆ. ಅವರ ಕಣ್ಣೆಲ್ಲ 75 ಅಶ್ವಶಕ್ತಿಯ ಒಂದು ಔಟ್‌ಬೋರ್ಡ್ ಎಂಜಿನ್ ಮೇಲೆ. ನನ್ನ ವಾದ ಸರಳವಾಗಿತ್ತು: ಈ ಗೋಡೆ ಎಷ್ಟು ಭಾರ ಹೊರಲು ಕಟ್ಟಿದ್ದು, ಒಳಗೆ ಮರ ಎಲ್ಲೆಲ್ಲಿದೆ ಎಂಬುದನ್ನು ತಿಳಿಯದೆ ಎಂಜಿನ್ ತೂಗುಹಾಕುವುದು ಹೇಗೆ? ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಎಂದು ಬರೆದಿರುವ ತಗಡಿನ ಫಲಕವನ್ನು ಯಾರೋ ಕಿತ್ತುಹಾಕಿದ್ದರು. ಅದರ ನಾಲ್ಕು ತಿರುಪಿನ ತೂತುಗಳು ಮಾತ್ರ ಉಳಿದಿದ್ದವು.

ನಮ್ಮದು ಅಮೆರಿಕದ ದೋಣಿ. ಅಲ್ಲಿ 1972ರ ನವೆಂಬರ್‌ನಿಂದ ಪ್ರತಿ ದೋಣಿಯ ಒಡಲಿಗೂ ಹನ್ನೆರಡು ಅಕ್ಷರ, ಅಂಕಿಗಳ ಗುರುತು ಸಂಖ್ಯೆ ಕಡ್ಡಾಯವಾಯಿತು. ಅದು ಇರುವ ಜಾಗ ಹಿಂಬದಿ ಗೋಡೆಯ ಹೊರಮೈಯಲ್ಲಿ, ಬಲಗಡೆಯ ಮೇಲ್ಮೂಲೆ. ನಮ್ಮ ದೋಣಿಯ ಆ ಮೂಲೆಯಲ್ಲಿ ಪುಟ್ಟಿ ಬಿಟ್ಟರೆ ಬೇರೇನಿಲ್ಲ. ಮೊದಲು ಎದೆ ಧಸಕ್ಕೆಂದಿತು, ಕದ್ದ ಮಾಲೇ ಎಂದು. ಕಾಗದಪತ್ರಗಳು ಸರಿಯಿದ್ದವು. ಹಿಂದೆ ಎಂದೋ ಆ ಮೂಲೆ ಒಡೆದಾಗ ದುರಸ್ತಿ ಮಾಡಿದವರು ಸಂಖ್ಯೆಯನ್ನೂ ಸೇರಿಸಿ ಗ್ರೈಂಡರ್ ಆಡಿಸಿದ್ದರು.

ಪಕ್ಕದ ಬಣ್ಣವನ್ನು ಉಪ್ಪುಕಾಗದಕ್ಕೆ ನೀರು ತಾಗಿಸಿಕೊಂಡು ಉಜ್ಜಿದೆ. ಹಳೆಯ ತಳಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಚಿಪ್ಪುಜೀವಿಗಳು ಅಂಟದಿರಲೆಂದು ಬಳಸುತ್ತಿದ್ದ ತವರದ ವಿಷಸಂಯುಕ್ತಗಳು ಅದರಲ್ಲಿರಬಹುದು. ಅವುಗಳ ಮೇಲಿನ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದೇ 2008ರಲ್ಲಿ. ಎರಡು ಪದರ ಹೋದ ಮೇಲೆ ಮೂಲ ಜೆಲ್‌ಕೋಟ್, ಅಂದರೆ ಅಚ್ಚಿನಲ್ಲೇ ಬಂದ ಹೊಳಪಿನ ಹೊರಪದರ, ಕಾಣಿಸಿತು. ಅದರ ಮೇಲೆ, ಎಂದೋ ಸ್ಟಿಕ್ಕರ್ ಅಂಟಿಸಿದ್ದ ಜಾಗದಲ್ಲಿ, ಅಕ್ಷರಗಳ ನೆರಳು! ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಸ್ಟಿಕ್ಕರ್ ಕೆಳಗಿನದು ಮಾಸದೆ ಉಳಿದಿತ್ತು. ಓದಲು ಸಿಕ್ಕಿದ್ದು ಹೆಸರಿನ ಬಾಲ ಮಾತ್ರ. ಆದರೂ ಆ ದಿನ ನನಗೆ ಊಟ ಬೇಕೆನಿಸಲಿಲ್ಲ.

ಅಳತೆ ಹಿಡಿದು, ತಳದ ಏಣುಗಳನ್ನು ಎಣಿಸಿ, ತಯಾರಕರ ಹಳೆಯ ಪ್ರಚಾರ ಪತ್ರಗಳ ಚಿತ್ರಗಳೊಂದಿಗೆ ಹೋಲಿಸಿದರೆ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಫೈಬರ್ ದೋಣಿಗಳ ವಿಷಯದಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ಒಬ್ಬರ ದೋಣಿಯನ್ನು ಕೊಂಡು, ಅದರ ಮೈಮೇಲೇ ಅಚ್ಚು ತೆಗೆದು, ಅದೇ ಆಕಾರದ ದೋಣಿಗಳನ್ನು ಬೇರೆ ಹೆಸರಿನಲ್ಲಿ ಇಳಿಸುವುದು ಈ ಉದ್ಯಮದಲ್ಲಿ ಹಳೆಯ ಚಾಳಿ. ಫ್ಲೋರಿಡಾ ರಾಜ್ಯ ಅದನ್ನು ತಡೆಯಲು ಕಾನೂನು ಮಾಡಿತ್ತು. ಬೊನಿಟೊ ಬೋಟ್ಸ್ ಎಂಬ ಕಂಪನಿ ಥಂಡರ್ ಕ್ರಾಫ್ಟ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಆ ಕಾನೂನನ್ನು ಎತ್ತಿಹಿಡಿಯಲಿಲ್ಲ. ಪೇಟೆಂಟ್ ಇಲ್ಲದ ಆಕಾರಕ್ಕೆ ರಾಜ್ಯವೊಂದು ಹಾಗೆ ರಕ್ಷಣೆ ಕೊಡುವಂತಿಲ್ಲ ಎಂದಿತು. 1998ರಲ್ಲಿ ಒಡಲಿನ ವಿನ್ಯಾಸಗಳಿಗೇ ಪ್ರತ್ಯೇಕ ಕೇಂದ್ರ ಕಾನೂನು ಬಂತು. ಒಂದೇ ಆಕಾರದ ಎರಡು ದೋಣಿಗಳ ಒಳಗಿನ ಪದರಗಳು, ಮರ, ಗಟ್ಟಿತನ ಎಲ್ಲವೂ ಬೇರೆ ಬೇರೆ ಇರಬಹುದು ಎಂಬುದನ್ನು ಮಾತ್ರ ಯಾವ ಕಾನೂನೂ ಬದಲಿಸಲಾರದು. ಹೊರಗಿನ ಆಕಾರ ನೋಡಿ ಗುರುತು ಹೇಳುವವರನ್ನು ಕಂಡರೆ ನನಗೆ ಅಸಹನೆ ಇರುವುದು ಇದಕ್ಕೇ.

ಕೊನೆಗೆ ನೆರವಾದದ್ದು ಇನ್ನೊಂದು ನಿಯಮ. 1984ರ ಆಗಸ್ಟ್‌ನಿಂದ ಅದೇ ಸಂಖ್ಯೆಯನ್ನು ಎರಡನೆಯ ಬಾರಿ, ಒಳಗೆಲ್ಲಾದರೂ ಅಥವಾ ಯಾವುದಾದರೂ ಬಿಡಿಭಾಗದ ಅಡಿಯಲ್ಲಿ, ಕಣ್ಣಿಗೆ ಬೀಳದಂತೆ ಬರೆಯಬೇಕಾಯಿತು. ನಮ್ಮದು ಹಿಂದಿನ ಪೆಟ್ಟಿಗೆಯ ಒಳಗೋಡೆಯಲ್ಲಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಗೀರುಗಳು ಕಾಣುತ್ತಿದ್ದವು. ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಕೊನೆಯ ನಾಲ್ಕು: ಸಿ, 6, 8, 6. ಸಿ ಎಂದರೆ ಮಾರ್ಚ್, ಮೊದಲ 6 ಎಂದರೆ 1986, ಉಳಿದ 86 ಮಾದರಿಯ ವರ್ಷ. ಮೊದಲ ಮೂರು ಅಕ್ಷರ ತಯಾರಕರ ಗುರುತು. ಮುಚ್ಚಿಹೋದ ಕಂಪನಿಯ ಗುರುತನ್ನು ಮುಂದೆ ಬೇರೆಯವರಿಗೆ ಕೊಡುವುದೂ ಉಂಟು, ಹಾಗಾಗಿ ವರ್ಷ ತಿಳಿಯದೆ ಆ ಮೂರಕ್ಷರಕ್ಕೆ ಬೆಲೆಯಿಲ್ಲ. ಎರಡೂ ಸಿಕ್ಕ ಮೇಲೆ ಮಾದರಿ ಸಿಕ್ಕಿತು, ಆ ವರ್ಷದ ಪ್ರಚಾರ ಪತ್ರದ ಚಿತ್ರವೂ ಸಿಕ್ಕಿತು. ಹಿಂಬದಿ ಗೋಡೆಯೊಳಗೆ ಪ್ಲೈವುಡ್. ಗರಿಷ್ಠ 50 ಅಶ್ವಶಕ್ತಿ.

ಗುರುವಾರ ಮರವನ್ನು ಮುಚ್ಚಿದ್ದ ಫೈಬರ್ ಒಳಪದರವನ್ನು ಕೊಯ್ದು ತೆಗೆದೆವು. ಹೊರಪದರವನ್ನು ಹಾಗೆಯೇ ಬಿಡಬೇಕೆಂದು ಮೇಸ್ತ್ರಿ ಮೊದಲೇ ಹೇಳಿದ್ದರು. ದೋಣಿಯ ಆಕಾರ ಕೈತಪ್ಪದಂತೆ ಹಿಡಿದಿಡುವುದು ಅದೇ. ಬ್ಲೇಡು ಒಳಗಿಳಿದ ಕೂಡಲೇ ಕಂದು ನೀರು ಜಿನುಗಿತು, ಹಿಂದೆಯೇ ಕೊಳೆತ ಎಲೆಯ ವಾಸನೆ. ಪ್ಲೈವುಡ್ಡಿನ ಪದರಗಳು ಬೆರಳಿಗೇ ಎದ್ದು ಬಂದವು, ಕಪ್ಪಗೆ, ಹಿಂಡಿದರೆ ನೀರು. ಪೆನ್ಸಿಲ್ ಗೆರೆಯಿಂದ ಬೆರಳಗಲ ಮೇಲೆ ಮರ ಒಣಗಿತ್ತು, ಹಳದಿಯಾಗಿತ್ತು, ಉಳಿಗೂ ಜಗ್ಗಲಿಲ್ಲ. ಮೇಸ್ತ್ರಿ ಸದ್ದು ಕೇಳಿ ಎಳೆದ ಗೆರೆ! "ಕೇಳಿಸಿತೇ?" ಎಂದು ಅವರು ಕೇಳಿದಾಗ ನಾನು ತಲೆಯಾಡಿಸಿದ್ದೆ. ನನಗೆ ಕೇಳಿಸಿದ್ದು ಟಕ್ ಮತ್ತು ದಬ್ ಅಷ್ಟೇ. ಅವರಿಗೆ ಕೇಳಿಸಿದ್ದು ಅಂಚು.

ಆ ಗಾಜಿನ ನಾರಿನ ಪದರ ಮಾತ್ರ ಇಷ್ಟು ವರ್ಷಗಳ ಮೇಲೂ ಒಂಚೂರು ಹಾಳಾಗಿರಲಿಲ್ಲ. ಇದನ್ನು ಕಂಡಾಗಿನಿಂದ ನನ್ನ ತಲೆಯಲ್ಲಿ ಇದೇ ಕೊರೆಯುತ್ತಿದೆ. ಹಳೆಯ ಫೈಬರ್ ದೋಣಿ ಸತ್ತಿತು ಎಂದರೆ ಸಾಮಾನ್ಯವಾಗಿ ಸತ್ತಿರುವುದು ಅದರೊಳಗಿನ ಮರ. ಫೈಬರ್ ಕೊಳೆಯುವುದಿಲ್ಲ. ನಾರನ್ನು ಹಿಡಿದಿಡುವ ರೆಸಿನ್ ಎಂಬ ಅಂಟು ಒಮ್ಮೆ ಗಟ್ಟಿಯಾದರೆ ಕರಗುವುದೂ ಇಲ್ಲ, ಕಬ್ಬಿಣದ ಹಾಗೆ ಕಾಯಿಸಿ ಇನ್ನೊಂದು ವಸ್ತು ಮಾಡುವಂತಿಲ್ಲ. ಗುಜರಿಯವನೂ ಮುಟ್ಟದ ಇಂಥ ದೋಣಿಗಳನ್ನು ದಡದಲ್ಲಿ ಬಿಟ್ಟುಹೋಗುತ್ತಾರೆ, ಇಲ್ಲವೇ ಮುಳುಗಿಸುತ್ತಾರೆ. ತುಂಬಾ ಹಳೆಯದು, ಒಡೆದು ಹಾಕಿ ಎಂದು ನಮಗೆ ಬುದ್ಧಿ ಹೇಳಿದವರು ಹಲವರು. ಒಡೆದು ಹಾಕುವುದೆಲ್ಲಿಗೆ ಎಂದು ಕೇಳಿದರೆ ಒಬ್ಬರಲ್ಲೂ ಉತ್ತರವಿಲ್ಲ.

ಈಗ ಒಡಲು ಒಣಗುತ್ತಿದೆ. ಮುಂದಿನ ಕೆಲಸಕ್ಕೆ ಮೇಸ್ತ್ರಿ ಎಪಾಕ್ಸಿ ಎಂಬ ರೆಸಿನ್ನೇ ಬೇಕೆಂದಿದ್ದಾರೆ. ದೋಣಿಯಲ್ಲಿ ಗಟ್ಟಿಯಾಗಿಹೋದ ಹಳೆಯ ಪಾಲಿಯೆಸ್ಟರ್ ರೆಸಿನ್ ಮೇಲೆ ಹೊಸ ಪಾಲಿಯೆಸ್ಟರ್‌ಗಿಂತ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ. ಮಾಮೂಲಿ ಕತ್ತರಿಸಿದ ನಾರಿನ ಮ್ಯಾಟ್ ಅದರೊಂದಿಗೆ ಸರಿಹೋಗುವುದಿಲ್ಲ, ಆ ಮ್ಯಾಟಿನ ಅಂಟು ಕರಗಲು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಬೇಕು. ಗಾಜಿನ ನಾರಿನ ಹೊಲಿದ ಬಟ್ಟೆಯನ್ನೇ ತರಿಸಬೇಕು. ಒಡೆದಿದ್ದ ಮೂಲೆಯನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು; ಆರು ಮಿಲಿಮೀಟರ್ ದಪ್ಪಕ್ಕೆ ಏಳು ಸೆಂಟಿಮೀಟರ್‌ಗೂ ಸ್ವಲ್ಪ ಹೆಚ್ಚು. ಬೋಲ್ಟಿನ ತೂತುಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಬೇಕು. ಆಗ ನೀರು ಒಳಬಂದರೂ ಮರಕ್ಕೆ ತಾಗುವುದಿಲ್ಲ. ಮೊದಲೇ ಯಾರಾದರೂ ಇಷ್ಟು ಮಾಡಿದ್ದರೆ ಈ ಗೋಡೆ ಕೊಳೆಯುತ್ತಿರಲಿಲ್ಲ.

ಹಿಂದಿನ ಪೆಟ್ಟಿಗೆಯೊಳಗೆ, ಆ ಗೀರು ಸಂಖ್ಯೆಯ ಪಕ್ಕ, ಹೊಸ ಫಲಕವೊಂದನ್ನು ಕೂರಿಸಬೇಕೆಂದು ಹಟ ಹಿಡಿದಿದ್ದೇನೆ. ತಿರುಪು ಹೊಡೆಯದೆ, ಅಂಟಿನಿಂದಲೇ. ಪೂರ್ಣ ಸಂಖ್ಯೆ, ಮಾದರಿ, ಯಾವ ಪ್ಲೈವುಡ್, ಎಷ್ಟು ಪದರ, ಯಾವ ರೆಸಿನ್, ಏನನ್ನು ಕಿತ್ತು ಏನನ್ನು ಇಟ್ಟೆವು ಎಲ್ಲವೂ ಅದರಲ್ಲಿರಬೇಕು. ಭಾವ ಒಪ್ಪಿದ್ದಾರೆ. ಅಶ್ವಶಕ್ತಿಯ ಸಾಲಿನಲ್ಲಿ ಏನು ಬರೆಯಬೇಕೆಂಬ ವಾದ ಮಾತ್ರ ಇನ್ನೂ ನಡೆದಿದೆ. ಹೊಸ ಗೋಡೆ ಹಳೆಯದಕ್ಕಿಂತ ಗಟ್ಟಿ ತಾನೇ ಎನ್ನುತ್ತಾರೆ ಅವರು. ಗೋಡೆ ಹೊಸದಾದರೂ ಒಡಲು 1986ರದ್ದೇ ಭಾವ, ನಾನು 50ರ ಮೇಲೆ ಹೋಗುವುದಿಲ್ಲ.